ಮನೆಮನೆಗೂ ಫೋನ್ ಇಲ್ಲದ ಕಾಲದಲ್ಲಿ ‘ನಾಳೆ ಬಾ’ ಅಷ್ಟು ಬೇಗ ಹಬ್ಬಿದ್ದು ಹೇಗೆ?

ರಾಗಿಮುದ್ದೆ:
90ರ ದಶಕದಲ್ಲಿ ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. (ಕನ್ನಡ ಓದಲು ಬರುವ ದೆವ್ವ, ಪುಣ್ಯ!) ಆಗ ವಾಟ್ಸಾಪ್ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ಲ್ಯಾಂಡ್‌ಲೈನೂ ಇರಲಿಲ್ಲ. ಊರಿಂದ ಊರಿಗೆ ಹೋಗಿದ್ದು ಹೇಗೆ?

ಸಂತೆಪೇಟೆ:
ಬಸ್ಸು, ಸಂತೆ, ಮದುವೆ ಮನೆ, ಇನ್ನೇನು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವರು ಅಷ್ಟಕ್ಕಷ್ಟೇ ಪರಿಚಯ ಇರುವವರು. ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದಾರೆ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿ ದೆಹಲಿಯಿಂದ ಲಂಡನ್ನಿಗೆ ಒಂದೇ ದಿನದಲ್ಲಿ ಮುಟ್ಟಿತಲ್ಲ, ಅದೂ ವಾಟ್ಸಾಪ್ ಇಲ್ಲದೆಯೇ.

ಹಳೇಮನೆ:
ಸುದ್ದಿ ಮುಟ್ಟುವುದು ಬೇರೆ, ಸೀಮೆಸುಣ್ಣ ಕೈಗೆತ್ತಿಕೊಳ್ಳುವುದು ಬೇರೆ ಸರ್. ಬಸ್ಸಲ್ಲಿ ಯಾರೋ ಹೇಳಿದರೆ ನಕ್ಕು ಸುಮ್ಮನಾಗುತ್ತೇವೆ. ಎದುರು ಮನೆ, ಪಕ್ಕದ ಮನೆ, ಮೂಲೆ ಅಂಗಡಿ ಎಲ್ಲಾ ಕಡೆ ಬರೆದಿದ್ದರೆ? ನಮ್ಮಜ್ಜಿ ದೆವ್ವ ನಂಬುತ್ತಿರಲಿಲ್ಲ. ಆದರೂ ಬರೆಸಿದರು. ‘ಸಾಲಲ್ಲಿ ಎಲ್ಲರೂ ನಾಳೆ ಬಾ ಅಂದರೆ ಅದು ಇವತ್ತು ಬರೋದು ನಮ್ಮನೆಗೇ ಅಲ್ವಾ?’ ಅಂತ. ಲೆಕ್ಕ ತಪ್ಪಿಲ್ಲ ನೋಡಿ. ಬರೆದ ಪ್ರತಿ ಬಾಗಿಲೂ ಬರೆಯದ ಬಾಗಿಲಿನ ಭಯ ಜಾಸ್ತಿ ಮಾಡುತ್ತದೆ, ಖರ್ಚೂ ಇಲ್ಲ. ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ 2010ರ ಪ್ರಯೋಗದಲ್ಲಿ ಕಂಡಿದ್ದೂ ಇಂಥದ್ದೇ. ಜನ ಹೊಸದೊಂದನ್ನು ಶುರು ಮಾಡುವುದು ಒತ್ತೊತ್ತಾಗಿ ಹೆಣೆದ ಗುಂಪಿನಲ್ಲೇ ಬೇಗ, ಯಾಕೆಂದರೆ ಅಲ್ಲಿ ಒಂದೇ ವಿಷಯ ಹಲವರಿಂದ ಬರುತ್ತದೆ.

ಮೆಜೆಸ್ಟಿಕ್_ಪ್ಲಾಟ್‌ಫಾರ್ಮ್:
ಹಳೇಮನೆ ಹೇಳಿದ್ದು ಸರಿ. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅನ್ನುವ ವದಂತಿಗೆ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ 5 ಎಸ್‌ಎಂಎಸ್ ಅಂತ ಮಿತಿ ಹಾಕಿತು. ಆದರೆ ರೂಮಿನಲ್ಲಿ ಜೊತೆಗಿದ್ದವನು ಬ್ಯಾಗ್ ಕಟ್ಟುತ್ತಿದ್ದರೆ, ಊರಿಂದ ಅಮ್ಮ ಫೋನ್ ಮಾಡಿ ಅಳುತ್ತಿದ್ದರೆ, ಎಸ್‌ಎಂಎಸ್ ಯಾರಿಗೆ ಬೇಕು? 2018ರಲ್ಲಿ ಮಕ್ಕಳ ಕಳ್ಳರ ವದಂತಿ ಬಂದು ಅಮಾಯಕರು ಸತ್ತ ಮೇಲೆ ವಾಟ್ಸಾಪ್ ಕೂಡ ಒಂದು ಸಲಕ್ಕೆ 5 ಚಾಟ್‌ಗಷ್ಟೇ ಫಾರ್ವರ್ಡ್ ಅಂತ ಮಾಡಿತು. ಒಳ್ಳೆಯದೇ. ಆದರೆ ಒಂದೇ ಮೆಸೇಜು ಮನೆಯವರ ಗ್ರೂಪು, ಹಳೇ ಕ್ಲಾಸ್‌ಮೇಟ್ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು ಮೂರರಲ್ಲೂ ಬಂದರೆ ಮೂರು ಸಾಕ್ಷಿ ಸಿಕ್ಕ ಹಾಗೆ ಅನ್ನಿಸುತ್ತದೆ. ಕಳಿಸಿದ್ದು ಒಬ್ಬನೇ ಇರಬಹುದು. ನಾನಂತೂ ಈಗ ‘ನಿಮಗೆ ಯಾರು ಕಳಿಸಿದ್ದು’ ಅಂತ ಕೇಳುತ್ತೇನೆ, ಚಿಕ್ಕಪ್ಪಂದಿರಿಗೆ ಸಿಟ್ಟು ಬರುತ್ತದೆ.

ರಾಗಿಮುದ್ದೆ:
ಹಾಗಾದರೆ ಬರೆಯದೇ ಬಿಟ್ಟ ಬೀದಿಗಳೂ ಇರಬೇಕು. ಅಂಥ ಕಡೆ ಇದ್ದವರು ಯಾರಾದರೂ ಇದ್ದೀರಾ?