ಪದಚರ್ಚೆ: ಟರ್ಕಿ ಕೋಳಿಯನ್ನು ಕರೆಯುವ ಪೆಟ್ಟಿಗೆಗೆ ಏನನ್ನೋಣ?

ಗೆಳೆಯರೇ,

ಪೆನ್ಸಿಲ್ವೇನಿಯಾದ ವಸಂತಕಾಲದ ಟರ್ಕಿ ಬೇಟೆ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. 'ಟರ್ಕಿ ಕಾಲ್' ಅನ್ನುವಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಹಕ್ಕಿಯ ಕೂಗೂ ಕಾಲ್, ಆ ಕೂಗು ಹೊರಡಿಸುವ ಸಾಧನವೂ ಕಾಲ್. 'ಟರ್ಕಿ ಕರೆ' ಅಂತ ಬರೆದೆ. ಮನೆಯವಳು ಓದಿ, "ಇಸ್ತಾಂಬುಲ್‌ನಿಂದ ಯಾರು ಫೋನ್ ಮಾಡಿದ್ರು?" ಅಂದಳು.

ಆ ಪದ ಬಿಟ್ಟು ಬರೆಯೋಣ ಅಂದರೆ ಆಗುವುದಿಲ್ಲ. ಅಲ್ಲಿ ವಸಂತದಲ್ಲಿ ಹಕ್ಕಿಯ ಬೆನ್ನು ಹತ್ತಿ ಹೋಗುವಂತಿಲ್ಲ. ಕೂತಲ್ಲೇ ಕೂಗಿ ಹತ್ತಿರ ಕರೆಸಿಕೊಳ್ಳಬೇಕು ಅಂತಲೇ ನಿಯಮ. ಬೇಟೆಗಾರ ಹೇಂಟೆಯ ಹಾಗೆ ಕೂಗುತ್ತಾನೆ, ಹುಂಜ ಹುಡುಕಿಕೊಂಡು ಬರುತ್ತದೆ.

ಆಫೀಸಿನ ಗೆಳೆಯನೊಬ್ಬ ಮೊದಲು ನನ್ನ ಕೈಗೆ ಕೊಟ್ಟಿದ್ದು ಒಂದು ಉದ್ದನೆಯ ಮರದ ಪೆಟ್ಟಿಗೆ. ಮುಚ್ಚಳ ಒಂದೇ ತುದಿಯಲ್ಲಿ ಸ್ಕ್ರೂ ಮೇಲೆ ಆಡುತ್ತದೆ. ಅದರ ಅಡಿಗೆ ಸೀಮೆಸುಣ್ಣ ಹಚ್ಚಿ ಪೆಟ್ಟಿಗೆಯ ಅಂಚಿಗೆ ತೀಡಿದರೆ ಹೇಂಟೆಯ ದನಿ. ಇಬ್ಬನಿ ತಾಗಿತೋ, ಮೂಗಿ. ಎರಡನೆಯದು ಸ್ಲೇಟಿನ ಬಿಲ್ಲೆ, ಕಡ್ಡಿಯಿಂದ ಗೀರುವುದು. ಮೂರನೆಯದು ಅಂಗುಳಕ್ಕೆ ಒತ್ತಿಕೊಂಡು ಊದುವ ರಬ್ಬರ್ ಪೊರೆ. ನನಗಂತೂ ಬರೀ ವಾಕರಿಕೆ ಬಂತು. 'ಪೀಪಿ' ಅನ್ನೋಣ ಅಂದರೆ ಇದೊಂದಕ್ಕೇ ಒಪ್ಪುತ್ತದೆ. ಮೂರಕ್ಕೂ ಸೇರಿ 'ಕೂಗುಗ' ಅನ್ನಬಹುದಾ? ನನಗೇ ಕೃತಕ ಅನಿಸುತ್ತಿದೆ. ಪೆಟ್ಟಿಗೆಗೆ ಮಾತ್ರ 'ಕೂಗುಪೆಟ್ಟಿಗೆ' ಸಾಕು ಅಲ್ವಾ?

ಪಕ್ಕದಲ್ಲಿ ನಿಲ್ಲಿಸುವ ಪ್ಲಾಸ್ಟಿಕ್ ಹೇಂಟೆಗೆ ಪದ ಸಿಕ್ಕಿತು. ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿ ಇಟ್ಟುಕೊಂಡ ಮೃಗಕ್ಕೆ ಹಳಗನ್ನಡದಲ್ಲಿ 'ದೀವ' ಅನ್ನುತ್ತಿದ್ದರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ಕಡಿವಾಣ ಬಿತ್ತು, ಪದ ಸುಮ್ನೆ ಬಿದ್ದಿದೆ. ಅದನ್ನೇ ಎತ್ತಿಕೊಂಡೆ.

ಹುಂಜದ ಉತ್ತರಕ್ಕೆ 'ಓಗೊಡು' ಎಷ್ಟು ಚೆನ್ನಾಗಿದೆ! ಆದರೆ ನಸುಕಿನಲ್ಲಿ ಗೂಬೆ ಕೂಗಿದರೂ ಅದು ಗಕ್ಕನೆ ಕೂಗಿಬಿಡುತ್ತದೆ. ಅದು ಉತ್ತರ ಅಲ್ಲ, ತಡೆಯಲಾರದೆ ಬಾಯಿಬಿಟ್ಟಿದ್ದು. ಅದಕ್ಕೂ ಓಗೊಡು ಅನ್ನಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ಪೇಚು. ಹೇಂಟೆ ನೆಮ್ಮದಿಯಲ್ಲಿ ಬಿಟ್ಟು ಬಿಟ್ಟು 'ಕ್ಲಕ್' ಅನ್ನುತ್ತದೆ. ಬೆಚ್ಚಿದಾಗ ಅದೇ ದನಿ ಚುರುಕಾಗಿ, ಗಡುಸಾಗಿ 'ಪಟ್' ಅಂತ ಬರುತ್ತದೆ. ನಾನು ಮುಚ್ಚಳ ಸ್ವಲ್ಪ ಜಾಸ್ತಿ ಒತ್ತಿದೆ, ಮೊದಲನೆಯದು ಎರಡನೆಯದಾಯಿತು. ಹತ್ತಿರ ಬರುತ್ತಿದ್ದ ಹುಂಜ ತಿರುಗಿ ಹೋಯಿತು. ಕನ್ನಡದಲ್ಲಿ ಎರಡಕ್ಕೂ 'ಲೊಕ್ ಅಂದಿತು' ಅಂತ ಬರೆದರೆ ಹುಂಜ ಯಾಕೆ ಓಡಿತು ಅಂತ ಓದುಗರಿಗೆ ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಕೋಳಿ ಸಾಕಿದ್ದರೆ ಹೇಳಿ: ಹದ್ದು ಕಂಡಾಗ ಹೇಂಟೆ ಹೊರಡಿಸುವ ದನಿಗೆ ನಿಮ್ಮ ಕಡೆ ಬೇರೆ ಮಾತಿದೆಯಾ?