ಹೊಂಬಣ್ಣದ ಎಲೆಯ ಈ ಬೇಲಿಗಿಡ ಯಾವುದು?

ಪ್ರಶ್ನೆ:
ಮೈಸೂರಿನಲ್ಲಿ ನಾವು ಕಳೆದ ವರ್ಷ ಕೊಂಡ ಮನೆಯ ಕಾಂಪೌಂಡಿನ ಉದ್ದಕ್ಕೂ ಮೊಣಕಾಲೆತ್ತರಕ್ಕೆ ಕತ್ತರಿಸಿದ ಪೊದೆಗಿಡಗಳಿವೆ. ಬಿಸಿಲು ಬೀಳುವ ಕಡೆ ಎಲೆಗಳೆಲ್ಲ ಹೊಂಬಣ್ಣಕ್ಕಿದ್ದು, ಮಾವಿನ ಮರದ ನೆರಳಿನಲ್ಲಿರುವ ನಾಲ್ಕೈದು ಗಿಡಗಳು ಮಾತ್ರ ಹಸಿರಾಗಿವೆ. ಇದುವರೆಗೆ ಒಂದು ಹೂವನ್ನೂ ಕಂಡಿಲ್ಲ. ನರ್ಸರಿಯವರೊಬ್ಬರು ಇದನ್ನು ಗೋಲ್ಡನ್ ಫೈಕಸ್ ಎಂದರೆ, ಇನ್ನೊಬ್ಬರು ಡುರಾಂಟ ಎಂದರು. ಹೂವಿಲ್ಲದೆ ಗುರುತಿಸುವ ದಾರಿ ಇದೆಯೇ?

ಉತ್ತರ 1:
ಇದೆ. ಒಂದು ಎಲೆಯನ್ನು ತೊಟ್ಟಿನ ಬುಡದಲ್ಲಿ ಚಿವುಟಿ ನೋಡಿ. ಫೈಕಸ್ ಆಲ, ಅರಳಿಗಳ ಬಳಗದ್ದಾದ್ದರಿಂದ ಚಿವುಟಿದಲ್ಲಿ ಬಿಳಿ ಹಾಲು ಒಸರುತ್ತದೆ. ಅದರ ಎಲೆಗಳು ಕೊಂಬೆಯ ಮೇಲೆ ಒಂದು ಈ ಬದಿ, ಒಂದು ಆ ಬದಿ ಎಂಬಂತೆ ಹುಟ್ಟುತ್ತವೆ, ದಪ್ಪವಾಗಿದ್ದು ಅಂಚು ನುಣುಪಾಗಿರುತ್ತದೆ. ಡುರಾಂಟದಲ್ಲಿ ಹಾಲಿಲ್ಲ. ಅದರ ತೆಳ್ಳನೆಯ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಹುಟ್ಟುತ್ತವೆ ಮತ್ತು ಅನೇಕ ಎಲೆಗಳಲ್ಲಿ ತುದಿಯ ಅರ್ಧಕ್ಕೆ ಗರಗಸದಂಥ ಹಲ್ಲುಗಳು ಕಾಣುತ್ತವೆ. ಕೆಲವು ಗಿಡಗಳ ಎಲೆಯ ಕಂಕುಳಲ್ಲಿ ಮುಳ್ಳೂ ಇರುತ್ತದೆ, ಆದರೆ ಮುಳ್ಳಿಲ್ಲವೆಂಬ ಕಾರಣಕ್ಕೆ ಡುರಾಂಟವಲ್ಲ ಎಂದು ತೀರ್ಮಾನಿಸಬೇಡಿ. ಬಣ್ಣವನ್ನೂ ನಂಬುವಂತಿಲ್ಲ, ನೆರಳಿನಲ್ಲಿ ಎರಡೂ ಹಸಿರಾಗುತ್ತವೆ.

ಉತ್ತರ 2:
ವಿವರಣೆ ನೋಡಿದರೆ ನನಗೂ ಡುರಾಂಟ ಎರೆಕ್ಟದ ಹೊನ್ನೆಲೆಯ ತಳಿಯೇ ಅನ್ನಿಸುತ್ತದೆ. ಮೆಕ್ಸಿಕೊ, ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಈ ಗಿಡ ನಮ್ಮ ಕಾಡುಗಳನ್ನು ಆವರಿಸಿರುವ ಲಂಟಾನದ ಕುಟುಂಬದ್ದೇ. ಹೂಗೊಂಚಲು ಬರುವುದು ಹೊಸ ಚಿಗುರಿನಲ್ಲಿ, ಅದನ್ನೇ ಪದೇ ಪದೇ ಕತ್ತರಿಸುವುದರಿಂದ ನೀವು ಹೂವನ್ನು ಕಂಡಿಲ್ಲ. ಒಂದು ಗಿಡವನ್ನು ಬೆಳೆಯಲು ಬಿಟ್ಟರೆ ನಸುನೇರಳೆ ಹೂಗಳೂ ಅನಂತರ ಕಿತ್ತಳೆ-ಹಳದಿ ಕಾಯಿಗಳೂ ಬಂದಾವು. ಆ ಕಾಯಿಗಳು ವಿಷಕಾರಿಯಾದ್ದರಿಂದ ಮನೆಯಲ್ಲಿ ಚಿಕ್ಕ ಮಕ್ಕಳು ಅಥವಾ ನಾಯಿ ಇದ್ದರೆ ಈ ಪರೀಕ್ಷೆಯ ಗೋಜಿಗೆ ಹೋಗದಿರುವುದೇ ಲೇಸು.

ಪ್ರಶ್ನೆ ಕೇಳಿದವರು:
ಚಿವುಟಿ ನೋಡಿದೆ, ಹಾಲು ಬರಲಿಲ್ಲ. ಎಲೆಗಳು ಜೋಡಿಯಾಗಿಯೇ ಇವೆ, ಹಲ್ಲುಗಳೂ ಇವೆ. ಇನ್ನೊಂದು ಸಂದೇಹ: ಪೂರ್ಣ ಬಿಸಿಲಿನಲ್ಲಿರುವ ಒಂದು ಗಿಡದ ನಡುವಿನಿಂದ ಅಚ್ಚಹಸಿರು ಕೊಂಬೆಯೊಂದು ಉಳಿದೆಲ್ಲವನ್ನೂ ಮೀರಿ ಎದ್ದಿದೆ. ಗೊಬ್ಬರ ಹೆಚ್ಚಾಯಿತೇ?

ಉತ್ತರ 1:
ಗೊಬ್ಬರದ ತಪ್ಪಲ್ಲ, ಆ ಕೊಂಬೆ ಮೂಲ ಹಸಿರು ರೂಪಕ್ಕೆ ಮರಳಿದೆ. ಹಸಿರೆಲೆಯಲ್ಲಿ ಪತ್ರಹರಿತ್ತು ಹೆಚ್ಚಿರುವುದರಿಂದ ಅದು ಹೊನ್ನೆಲೆಯ ಕೊಂಬೆಗಳಿಗಿಂತ ವೇಗವಾಗಿ ಬೆಳೆದು ಕ್ರಮೇಣ ಗಿಡವನ್ನೇ ಆವರಿಸುತ್ತದೆ. ತುದಿ ಕತ್ತರಿಸಿದರೆ ಸಾಲದು. ಅದು ಹುಟ್ಟಿದ ಬುಡದಲ್ಲೇ ತೆಗೆಯಿರಿ.