ಡ್ಯೂರ್ನ್‌ಸ್ಟೈನ್: ಮಂಡಿ ನೋವಿದ್ರೆ ಬೆಟ್ಟ ಹತ್ತಬಹುದಾ?

ಪ್ರಶ್ನೆ: ಸೆಪ್ಟೆಂಬರಲ್ಲಿ ನಾನೂ ನಮ್ಮೆಜಮಾನ್ರೂ ಆಸ್ಟ್ರಿಯಾದ ವಾಖಾವ್ ಕಣಿವೆಗೆ ಹೋಗ್ತಿದೀವಿ, ಡ್ಯೂರ್ನ್‌ಸ್ಟೈನಲ್ಲಿ ಎರಡು ರಾತ್ರಿ. ಅವ್ರಿಗೆ ಮಂಡಿ ನೋವು, ಆದ್ರೂ ಕೋಟೆ ನೋಡ್ಲೇಬೇಕು ಅಂತಾರೆ. ಆಗತ್ತಾ?

ಉತ್ತರ: ಆಗತ್ತೆ ಮೇಡಂ, ನಿಧಾನಕ್ಕೆ ಹತ್ತಿದ್ರೂ ಅರ್ಧ ಮುಕ್ಕಾಲು ಗಂಟೆ ಅಷ್ಟೇ, ಆದ್ರೆ ಕಲ್ಲು ದಾರಿ, ಇಳಿಯೋವಾಗ್ಲೇ ಮಂಡಿ ಹಿಡ್ಕೊಳೋದು, ಅದಕ್ಕೆ ವಾಕಿಂಗ್ ಸ್ಟಿಕ್ ಮರೀಬೇಡಿ. 1192ರಲ್ಲಿ ಇಂಗ್ಲೆಂಡ್ ರಾಜ ರಿಚರ್ಡನ್ನ ಸೆರೆ ಇಟ್ಟಿದ್ದ ಕೋಟೆ ಅದು. ಮೇಲೆ ನಿಂತ್ರೆ ಡ್ಯಾನ್ಯೂಬ್ ತಿರುವು, ಕಾಲ ಕೆಳಗೇ ಚರ್ಚಿನ ನೀಲಿ ಗೋಪುರ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಅಬ್ಬಾ!

ಇನ್ನೊಂದು ಉತ್ತರ: ವೈನ್ ಇಳಿದು ಬಂದ್ಮೇಲೇ ಕುಡೀರಿ. ಅಲ್ಲಿನ ವೈನಲ್ಲಿ ಸ್ಟೈನ್‌ಫೆಡರ್ ಅನ್ನೋ ಬಗೆ ಹಗುರ, ಆಲ್ಕೋಹಾಲ್ 11.5% ಮೀರಲ್ಲ, ಸ್ಮರಾಗ್ಡ್ ಅನ್ನೋದು ಸ್ಟ್ರಾಂಗು. ದ್ರಾಕ್ಷಿ ಬೆಳೆಗಾರರೇ ನಡೆಸೋ ವೈನ್ ಹೋಟ್ಲು, ಅಂದ್ರೆ ಹೊಯ್ರಿಗರ್‌ಗೆ ಹೋಗಿ, ಬಾಗಿಲಿಗೆ ಕೊಂಬೆ ಕಟ್ಟಿದ್ರೆ ತೆಗೆದಿದೆ ಅಂತರ್ಥ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್, ಸ್ಟಿಕ್ ಇವತ್ತೇ ತರ್ತೀನಿ.